ಬಿಸಿನೆಸ್ ಅನಲಿಸ್ಟ್ ಕೆಲಸಕ್ಕೆ ಫೀಡ್‌ಬ್ಯಾಕ್: ಯಾರನ್ನು, ಯಾವಾಗ, ಏನಂತ ಕೇಳಬೇಕು

"ನನ್ನ ಕೆಲಸ ಹೇಗಿದೆ ಸರ್?" ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಚೆನ್ನಾಗಿದೆ, ಹೀಗೇ ಮಾಡ್ಕೊಂಡು ಹೋಗಿ." ಮೈಸೂರಿನ ಹೆಬ್ಬಾಳದ ಐಟಿ ಕ್ಯಾಂಪಸ್ ಇರಲಿ, ಕೂರ್ಗಳ್ಳಿ ಕಡೆಯ ಕಾರ್ಖಾನೆಯ ಇಆರ್‌ಪಿ (ಎಲ್ಲ ವಿಭಾಗಗಳ ಲೆಕ್ಕ ಹಿಡಿಯುವ ಸಾಫ್ಟ್‌ವೇರ್) ವಿಭಾಗವಿರಲಿ, ಕುವೆಂಪುನಗರದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರ ವಿಡಿಯೋ ಕಾಲ್ ಇರಲಿ, ಮಾತು ಇದೇ. ಕೇಳಿದವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಹಾಗಂತ ಉತ್ತರ ಕೊಟ್ಟವರನ್ನು ದೂರುವಂತಿಲ್ಲ. ಆ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ಹುಟ್ಟುವುದು ಕಷ್ಟ.

ಬಿಸಿನೆಸ್ ಅನಲಿಸ್ಟ್ (ಬಿಎ) ಅಂದರೆ ಗ್ರಾಹಕರಿಗೆ ಏನು ಬೇಕು ಎಂದು ತಿಳಿದು ಸಾಫ್ಟ್‌ವೇರ್ ತಂಡಕ್ಕೆ ಬರೆದುಕೊಡುವವರು. ಅವರ ಕೆಲಸದಲ್ಲಿ ಈ ತೊಂದರೆ ಉಳಿದವರಿಗಿಂತ ಜಾಸ್ತಿ. ಡೆವಲಪರ್ ಬರೆದ ಕೋಡ್ ಕೆಟ್ಟರೆ ಅವತ್ತೇ ಗೊತ್ತಾಗುತ್ತದೆ. ಬಿಎ ಬರೆದ ರಿಕ್ವೈರ್‌ಮೆಂಟಿನಲ್ಲಿ (ಸಿಸ್ಟಮ್ ಏನು ಮಾಡಬೇಕು ಎಂಬ ವಿವರ) ಒಂದು ಸಂದರ್ಭ ಬಿಟ್ಟುಹೋಗಿದ್ದರೆ ಅದು ವಾರಗಳ ನಂತರ, ಬೇರೆಯವರ ಮೇಜಿನ ಮೇಲೆ, ಬೇರೆ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಟೆಸ್ಟರ್ ಅದನ್ನು ಡಿಫೆಕ್ಟ್ ಎನ್ನುತ್ತಾರೆ, ಡೆವಲಪರ್ ಮಾಡಿದ್ದನ್ನೇ ಮತ್ತೆ ಮಾಡುತ್ತಾರೆ, ಯುಎಟಿಗೆ, ಅಂದರೆ ಬಳಸುವವರೇ ಕೊನೆಗೆ ಮಾಡುವ ಪರೀಕ್ಷೆಗೆ, ಕೂತ ಗ್ರಾಹಕರು "ನಾವು ಹೇಳಿದ್ದು ಇದಲ್ಲ" ಎನ್ನುತ್ತಾರೆ. ಮೂಲ ಎಲ್ಲಿದೆ ಎಂದು ಹಿಂದಕ್ಕೆ ಹೋಗಿ ನೋಡಲು ಯಾರಿಗೂ ಪುರುಸೊತ್ತಿಲ್ಲ. ಆ ಹಾದಿಯನ್ನು ನೀವೇ ಹಿಡಿದು, ಮಧ್ಯೆ ಸಿಗುವ ಒಬ್ಬೊಬ್ಬರನ್ನೂ ಅವರಿಗೆ ಕಂಡದ್ದನ್ನಷ್ಟೇ ಕೇಳಬೇಕು. ವಿಧಾನವೆಲ್ಲ ಇಷ್ಟೇ. ಆದರೆ ಮಾಡುವಾಗ ಎಡವುವ ಜಾಗಗಳು ಬಹಳ.

ಮೊದಲ ಹೆಜ್ಜೆ: ಒಂದೇ ಕೌಶಲ ಆರಿಸಿಕೊಳ್ಳಿ

2003ರಲ್ಲಿ ಶುರುವಾದ ಐಐಬಿಎ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಈ ವೃತ್ತಿಗೆ ಬಾಬೊಕ್ ಎಂಬ ಕೈಪಿಡಿ ತಂದಿದೆ. 2015ರ ಮೂರನೆಯ ಆವೃತ್ತಿ ಕೆಲಸವನ್ನು ಆರು ವಿಭಾಗ ಮಾಡುತ್ತದೆ: ವಿಶ್ಲೇಷಣೆಯ ಯೋಜನೆ ಮತ್ತು ನಿಗಾ, ಮಾಹಿತಿ ಹೊರತೆಗೆಯುವುದು ಮತ್ತು ಜನರೊಂದಿಗೆ ಸಹಯೋಗ, ರಿಕ್ವೈರ್‌ಮೆಂಟುಗಳ ಜೀವನಚಕ್ರದ ನಿರ್ವಹಣೆ, ಕಾರ್ಯತಂತ್ರದ ವಿಶ್ಲೇಷಣೆ, ರಿಕ್ವೈರ್‌ಮೆಂಟುಗಳ ವಿಶ್ಲೇಷಣೆ ಮತ್ತು ವಿನ್ಯಾಸ, ಕೊನೆಗೆ ಕೊಟ್ಟ ಪರಿಹಾರದ ಮೌಲ್ಯಮಾಪನ. ಸರ್ಟಿಫಿಕೇಟ್ ಪರೀಕ್ಷೆಗೆ ಓದುವವರಿಗೆ ಆರೂ ಬೇಕು. ಫೀಡ್‌ಬ್ಯಾಕ್ ಕೇಳಲು ಹೊರಟವರು ಒಂದನ್ನು ಆರಿಸಿ, ಅದರೊಳಗೂ ಒಂದು ಮೂಲೆ ಹಿಡಿಯಬೇಕು.

"ಕಮ್ಯುನಿಕೇಷನ್ ಸುಧಾರಿಸಬೇಕು" ಎನ್ನುವುದು ಮೂಲೆಯಲ್ಲ, ಇಡೀ ಊರು. ಸಭೆ ಮುಗಿದ ಮೇಲೆ ನಾನು ಕಳಿಸುವ ಟಿಪ್ಪಣಿಯಲ್ಲಿ ಯಾರು ಏನು ಮಾಡಬೇಕು ಎಂಬುದು ಸ್ಪಷ್ಟವಾಗಿದೆಯೇ? ಗ್ರಾಹಕರ ಜೊತೆ ಮಾತಾಡುವಾಗ ಉತ್ತರವನ್ನು ನಾನೇ ಅವರ ಬಾಯಿಗೆ ಹಾಕುತ್ತಿದ್ದೇನೆಯೇ? ಯೂಸರ್ ಸ್ಟೋರಿಯಲ್ಲಿ (ಬಳಸುವವರಿಗೆ ಬೇಕಾದ ಒಂದು ಕೆಲಸದ ಚಿಕ್ಕ ಬರಹ) ಎಲ್ಲ ಸರಿಹೋದಾಗಿನ ದಾರಿ ಮಾತ್ರ ಬರೆದು, ತಪ್ಪುವ ದಾರಿಗಳನ್ನು ಬಿಡುತ್ತಿದ್ದೇನೆಯೇ? ಪ್ರೋಸೆಸ್ ಮ್ಯಾಪಿನಲ್ಲಿ (ಕೆಲಸದ ಹೆಜ್ಜೆಗಳ ಚಿತ್ರ) ನಿರ್ಧಾರದ ವಜ್ರಾಕೃತಿಯಿಂದ ಹೊರಡುವ ಎರಡೂ ಬಾಣಗಳಿಗೆ ಷರತ್ತು ಬರೆದಿದ್ದೇನೆಯೇ? ಈ ಅಳತೆಯ ಪ್ರಶ್ನೆ ಇರಬೇಕು. ಯಾವುದನ್ನು ಆರಿಸುವುದು ಎಂದು ತಿಳಿಯದಿದ್ದರೆ ಮುಂದಿನ ಹೆಜ್ಜೆ ತಾನಾಗಿಯೇ ತೋರಿಸುತ್ತದೆ.

ಎರಡನೆಯದು: ಬಾಯಿ ತೆರೆಯುವ ಮೊದಲು ಲೆಕ್ಕ ತೆಗೆಯಿರಿ

ಬೇರೆಯವರ ಸಮಯ ಕೇಳುವ ಮೊದಲು ನಿಮ್ಮ ಹತ್ತಿರವೇ ಇರುವ ಸಾಕ್ಷಿ ನೋಡಿ. ಜಿರಾ ಅಥವಾ ನಿಮ್ಮ ತಂಡ ಬಳಸುವ ಯಾವುದೇ ಟೂಲ್‌ನಲ್ಲಿ ಕಳೆದ ಮೂರು ಸ್ಪ್ರಿಂಟ್‌ಗಳಲ್ಲಿ (ಕೆಲವೇ ವಾರಗಳ ಕೆಲಸದ ಸುತ್ತು) ನೀವು ಬರೆದ ಸ್ಟೋರಿಗಳನ್ನು ತೆರೆಯಿರಿ. ಕಾರ್ಖಾನೆಯ ಒಳಗಿನ ಇಆರ್‌ಪಿ ತಂಡದಲ್ಲಿ ಹಲವು ಕಡೆ ಸ್ಪ್ರಿಂಟ್ ಇರುವುದಿಲ್ಲ, ಎಲ್ಲವೂ ಇಮೇಲ್ ಮತ್ತು ಎಕ್ಸೆಲ್‌ನಲ್ಲಿ ನಡೆಯುತ್ತದೆ. ಅಂಥ ಕಡೆ ಕಳೆದ ಎರಡು ತಿಂಗಳ ಚೇಂಜ್ ರಿಕ್ವೆಸ್ಟ್‌ಗಳು ಸಾಕು.

ಒಂದು ಹಾಳೆಯಲ್ಲಿ ಸ್ಟೋರಿಗೊಂದು ಸಾಲು ಮಾಡಿ. ಕೆಲಸ ಶುರುವಾದ ಮೇಲೆ ಡೆವಲಪರ್ ಎಷ್ಟು ಪ್ರಶ್ನೆ ಕೇಳಿದರು, ಸ್ಟೋರಿ ಮುಗಿದ ಮೇಲೆ ಮತ್ತೆ ತೆರೆಯಿತೇ, ಟೆಸ್ಟರ್ ಹಾಕಿದ ಡಿಫೆಕ್ಟಿಗೆ ಕಾರಣ ರಿಕ್ವೈರ್‌ಮೆಂಟೇ, ಒಪ್ಪಿಗೆ ಸಿಕ್ಕ ಮೇಲೆ ಬದಲಾವಣೆ ಬಂತೇ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಹಿಂದಿರುಗಿ ಬಂದ ಪ್ರತಿಯೊಂದಕ್ಕೂ ಕಾರಣದ ಚೀಟಿ ಅಂಟಿಸಿ. ನಾಲ್ಕು ಬಗೆ ಸಾಕು: ನೀವು ಬಿಟ್ಟದ್ದು, ನೀವು ಎರಡರ್ಥ ಬರುವಂತೆ ಬರೆದದ್ದು, ಗ್ರಾಹಕರೇ ಮನಸ್ಸು ಬದಲಿಸಿದ್ದು, ಸರಿಯಾಗಿ ಬರೆದದ್ದನ್ನು ಬೇರೆಯವರು ತಪ್ಪಾಗಿ ಓದಿದ್ದು. 24 ಸ್ಟೋರಿಗಳಲ್ಲಿ 9 ಹಿಂದಿರುಗಿವೆ, ಅವುಗಳಲ್ಲಿ 5 ಬಿಟ್ಟುಹೋದ ಸಂದರ್ಭಗಳು ಅಂದುಕೊಳ್ಳಿ. ಆಗ ನೀವು ಕೇಳಬೇಕಾದ ವಿಷಯ ಸಿಕ್ಕಿತು: ಅಪವಾದಗಳನ್ನು ಹುಡುಕುವ ಕೌಶಲ. ಭಾಷೆ, ಟೆಂಪ್ಲೇಟು, ಸ್ಲೈಡು ಯಾವುದೂ ಈಗ ಬೇಡ.

ಈ ಎಣಿಕೆಯಲ್ಲಿ ಮೋಸಹೋಗುವ ಜಾಗವೂ ಒಂದಿದೆ. ಪ್ರಶ್ನೆ ಜಾಸ್ತಿ ಬಂದರೆ ಸ್ಟೋರಿ ಕೆಟ್ಟದ್ದು ಎಂದಲ್ಲ. ಕೆಲಸ ಶುರುವಾಗುವ ಮೊದಲು ಸ್ಟೋರಿಗಳನ್ನು ಚರ್ಚಿಸುವ ಗ್ರೂಮಿಂಗ್ ಸಭೆಯಲ್ಲಿ ಹತ್ತು ಪ್ರಶ್ನೆ ಬಂದರೆ ತಂಡ ಎಚ್ಚರವಾಗಿದೆ ಎಂದರ್ಥ. ಅದೇ ಪ್ರಶ್ನೆಗಳು ಸ್ಪ್ರಿಂಟಿನ ಏಳನೇ ದಿನ ಬಂದರೆ ಯಾರೂ ಮೊದಲು ಓದಿರಲಿಲ್ಲ ಅಥವಾ ಓದಿದರೂ ಗೊತ್ತಾಗುವಂತಿರಲಿಲ್ಲ. ಆದ್ದರಿಂದ ಪ್ರಶ್ನೆ ಬಂದ ದಿನವನ್ನೂ ಬರೆದಿಟ್ಟುಕೊಳ್ಳಿ. ಒಂದೂ ಪ್ರಶ್ನೆ ಬಾರದ ಸ್ಟೋರಿಗಳ ಬಗ್ಗೆ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದೇ ವಾಸಿ. ಡೆವಲಪರ್ ತಾವೇ ಊಹಿಸಿ ಮುಗಿಸಿರುವ ಸಾಧ್ಯತೆ ಅಲ್ಲೇ ಹೆಚ್ಚು.

ಮೂರನೆಯದು: ಯಾರಿಗೆ ಏನು ಕಾಣುತ್ತದೆ

ಕ್ಯಾಂಟೀನಿನಲ್ಲಿ ಜೊತೆಗೆ ಕಾಫಿ ಕುಡಿಯುವವರನ್ನೇ ಕೇಳುವುದು ಸುಲಭ. ಆದರೆ ನಿಮ್ಮ ಕೆಲಸವನ್ನು ಬಳಸದವರ ಅಭಿಪ್ರಾಯ ಬರೀ ಸೌಜನ್ಯ. ನಾಲ್ಕೈದು ಜನ ಸಾಕು, ಒಬ್ಬೊಬ್ಬರೂ ಬೇರೆ ಕಡೆಯವರಾಗಿರಲಿ.

ಡೆವಲಪರ್‌ಗೆ ಕಾಣುವುದು ಅಸ್ಪಷ್ಟತೆ ಮತ್ತು ಗಾತ್ರ: ಸ್ಟೋರಿ ಓದಿ ಅಂದಾಜು ಕೊಡಲು ಆಯಿತೇ, ಎಲ್ಲಿ ಊಹಿಸಬೇಕಾಯಿತು. ಗ್ರಾಹಕರಿಗೆ ನಿಜವಾಗಿ ಬೇಕಾದದ್ದು ನೀವು ಬರೆದದ್ದೇ ಹೌದೋ ಅಲ್ಲವೋ ಎನ್ನುವುದು ಡೆವಲಪರ್‌ಗೆ ಕಾಣುವುದಿಲ್ಲ, ಅದನ್ನು ಅವರಲ್ಲಿ ಕೇಳಿ ಪ್ರಯೋಜನವಿಲ್ಲ. ಟೆಸ್ಟರ್ ಎಲ್ಲರಿಗಿಂತ ಉಪಯುಕ್ತ ಸಾಕ್ಷಿ. ನೀವು ಬರೆದ ಪ್ರತಿ ಸಾಲನ್ನೂ ಪರೀಕ್ಷೆಗೆ ಒಡ್ಡಿ ನೋಡುವುದು ಅವರೊಬ್ಬರೇ. ಹೀಗಿದ್ದೂ ಬಿಎಗಳು ಕೊನೆಗೆ ನೆನೆಸಿಕೊಳ್ಳುವುದೂ ಅವರನ್ನೇ. ಯಾವ ಕೆಲಸ ಮೊದಲು ಎಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್ ಆದ್ಯತೆಯ ಬಗ್ಗೆ ಹೇಳಬಲ್ಲರು. ಹಿರಿಯ ಬಿಎ ಇದ್ದರೆ ವಿಧಾನದ ಬಗ್ಗೆ ಕೇಳಿ: ಇದಕ್ಕೆ ಯೂಸ್ ಕೇಸ್ (ಬಳಸುವವರ ಹೆಜ್ಜೆಗಳ ವಿವರ) ಬೇಕಿತ್ತೇ, ಡಿಸಿಷನ್ ಟೇಬಲ್ (ಯಾವ ಷರತ್ತಿಗೆ ಏನು ಎಂಬ ಪಟ್ಟಿ) ಸಾಕಿತ್ತೇ ಎಂಬಂಥದ್ದು. ಮ್ಯಾನೇಜರ್‌ಗೆ ನಿಮ್ಮ ದಾಖಲೆಗಳು ಹೆಚ್ಚಾಗಿ ಕಾಣುವುದೇ ಇಲ್ಲ, ನಿಮ್ಮ ಬಗ್ಗೆ ಬಂದ ದೂರು ಮತ್ತು ಮೆಚ್ಚುಗೆ ಮಾತ್ರ ಕಿವಿಗೆ ಬಿದ್ದಿರುತ್ತದೆ. ಅದನ್ನೇ ಕೇಳಿ: "ನನ್ನ ಬಗ್ಗೆ ಗ್ರಾಹಕರ ಕಡೆಯಿಂದ ಎರಡನೇ ಸಲ ಬಂದ ಮಾತು ಯಾವುದು?"

ಇನ್ನು ಸಿಸ್ಟಮ್ ಬಳಸುವವರು. ಮಂಡ್ಯದ ಕಡೆಯ ಯೋಜನೆಗಳಲ್ಲಿ ಇವರು ಎಂಎನ್‌ಸಿಯ ಯೂಸರ್ ಅಲ್ಲ. ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ಸಕ್ಕರೆ ಕಾರ್ಖಾನೆಯಲ್ಲಿ ಗಾಡಿ ತೂಗುವ ವೇಬ್ರಿಡ್ಜ್‌ನ ಗುಮಾಸ್ತ, ಎಪಿಎಂಸಿ ಗೇಟಿನಲ್ಲಿ ಚೀಟಿ ಬರೆಯುವವರು. ಇವರ ಕೈಗೆ 40 ಪುಟದ ಬಿಆರ್‌ಡಿ (ರಿಕ್ವೈರ್‌ಮೆಂಟುಗಳ ಪೂರ್ತಿ ದಾಖಲೆ) ಕೊಟ್ಟು "ಫೀಡ್‌ಬ್ಯಾಕ್ ಕೊಡಿ" ಎಂದರೆ ಸಹಿ ಹಾಕಿ ಕಳಿಸುತ್ತಾರೆ. ಅವರ ಪಕ್ಕ ಕೂತು, ಪರದೆಯ ಚಿತ್ರವನ್ನು ಕಾಗದದಲ್ಲಿ ಬರೆದು, "ಅಣ್ಣಾ, ಗಾಡಿ ಬಂತು ಅನ್ಕೊಳ್ಳಿ, ಮೊದಲು ಏನ್ ಮಾಡ್ತೀರಿ?" ಎಂದು ಹೆಜ್ಜೆ ಹೆಜ್ಜೆಯಾಗಿ ನಡೆಸಿ. ನೀವು ಬರೆದದ್ದಕ್ಕೂ ಅವರು ಮಾಡುವುದಕ್ಕೂ ಎಲ್ಲಿ ವ್ಯತ್ಯಾಸ ಬರುತ್ತದೋ ಅದೇ ಫೀಡ್‌ಬ್ಯಾಕ್. ಅವರು ಆ ಪದವನ್ನು ಒಮ್ಮೆಯೂ ಹೇಳಬೇಕಾಗಿಲ್ಲ.

ನಾಲ್ಕನೆಯದು: ಒಂದು ಮಾದರಿ ಕೈಯಲ್ಲಿರಲಿ

ಕೌಶಲದ ಬಗ್ಗೆ ಸುಮ್ಮನೆ ಮಾತಾಡಿದರೆ ಮಾತು ಗಾಳಿಗೆ ಹೋಗುತ್ತದೆ. ಎರಡು ಪುಟ ಮೀರದ ಒಂದು ಮಾದರಿ ಇಟ್ಟುಕೊಳ್ಳಿ. ನಿಮ್ಮ ಅತ್ಯುತ್ತಮ ಕೆಲಸವೂ ಬೇಡ, ಅವಸರದಲ್ಲಿ ಬರೆದದ್ದೂ ಬೇಡ. ದಿನನಿತ್ಯ ನೀವು ಬರೆಯುವ ಮಟ್ಟದ್ದು ಬೇಕು.

ಕಬ್ಬಿನ ತೂಕದ ಒಂದು ಸ್ಟೋರಿ ನೋಡೋಣ. "ವೇಬ್ರಿಡ್ಜ್ ಗುಮಾಸ್ತನಾಗಿ ನಾನು ಕಬ್ಬಿನ ಗಾಡಿಯ ತೂಕ ದಾಖಲಿಸಬೇಕು, ಬೆಳೆಗಾರರಿಗೆ ಸರಿಯಾದ ಹಣ ಸಂದಾಯವಾಗಬೇಕು." ಅಕ್ಸೆಪ್ಟೆನ್ಸ್ ಕ್ರೈಟೀರಿಯಾ, ಅಂದರೆ ಕೆಲಸ ಸರಿಯಾಗಿ ಮುಗಿಯಿತು ಎನ್ನಲು ಬೇಕಾದ ಷರತ್ತುಗಳು, ಮೂರು: ಲೋಡ್ ಗಾಡಿಯ ತೂಕ ಮತ್ತು ಖಾಲಿ ಗಾಡಿಯ ತೂಕ ಉಳಿಸಬೇಕು, ನಿವ್ವಳ ತೂಕ ತಾನೇ ಲೆಕ್ಕವಾಗಬೇಕು, ಬೆಳೆಗಾರರಿಗೆ ತಕ್ಷಣ ಎಸ್ಎಂಎಸ್ ಹೋಗಬೇಕು.

ಮೇಲ್ನೋಟಕ್ಕೆ ಸರಿಯಾಗಿದೆ. "ಹೇಗಿದೆ?" ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ. ಈಗ ಇದೇ ಹಾಳೆಯನ್ನು ಮೂರು ಜನರ ಮುಂದೆ ಮೂರು ಬೇರೆ ಪ್ರಶ್ನೆಗಳ ಜೊತೆ ಇಡಿ.

ಟೆಸ್ಟರ್‌ಗೆ: "ಈ ಮೂರರಲ್ಲಿ ನಿಮಗೆ ಪಾಸ್ ಅಥವಾ ಫೇಲ್ ಎಂದು ಹೇಳಲು ಆಗದ ಸಾಲು ಯಾವುದು?" ಉತ್ತರ ಕ್ಷಣದಲ್ಲಿ ಬರುತ್ತದೆ. "ತಕ್ಷಣ" ಅಂದರೆ ಎಷ್ಟು ಸೆಕೆಂಡು? ನೆಟ್‌ವರ್ಕ್ ಇಲ್ಲದಿದ್ದರೆ ಎಷ್ಟು ಸಲ ಮತ್ತೆ ಪ್ರಯತ್ನ ಮಾಡಬೇಕು? ತೂಕದ ಘಟಕ ಕಿಲೋನೋ ಕ್ವಿಂಟಾಲೋ, ದಶಮಾಂಶದ ನಂತರ ಎಷ್ಟು ಅಂಕಿ? ಈ ಕೊನೆಯ ಪ್ರಶ್ನೆ ಚಿಲ್ಲರೆ ವಿಷಯವಲ್ಲ. ಕಬ್ಬಿನಿಂದ ಶೇ 10.25 ಸಕ್ಕರೆ ಇಳುವರಿ ಬಂದರೆ 2025-26ರ ಎಫ್‌ಆರ್‌ಪಿ (ಕೇಂದ್ರ ಸರ್ಕಾರ ನಿಗದಿ ಮಾಡುವ ಕಬ್ಬಿನ ಕನಿಷ್ಠ ಬೆಲೆ) ದರ ಕ್ವಿಂಟಾಲಿಗೆ 355 ರೂಪಾಯಿ. ಹಾಗಿದ್ದಾಗ ಗಾಡಿಗೆ 10 ಕಿಲೋ ಅತ್ತಿತ್ತ ಆದರೆ 35 ರೂಪಾಯಿ 50 ಪೈಸೆಯ ವ್ಯತ್ಯಾಸ. ಒಂದು ಹಂಗಾಮಿನ ಗಾಡಿಗಳನ್ನೆಲ್ಲ ಸೇರಿಸಿದರೆ ರೈತರು ಗೇಟಿನ ಮುಂದೆ ಕೂರುವಷ್ಟಾಗುತ್ತದೆ.

ಡೆವಲಪರ್‌ಗೆ: "ಇದನ್ನು ಬರೆಯುವಾಗ ನನ್ನನ್ನು ಕೇಳದೆ ನೀವೇ ನಿರ್ಧರಿಸಿಬಿಡುವ ವಿಷಯ ಯಾವುದು?" ಒಂದು ಟ್ರ್ಯಾಕ್ಟರಿಗೆ ಎರಡು ಟ್ರೈಲರ್ ಇದ್ದರೆ ಒಂದು ದಾಖಲೆಯೋ ಎರಡೋ? ಲೋಡ್ ತೂಕ ಆದ ಮೇಲೆ ಕರೆಂಟ್ ಹೋದರೆ ಅರ್ಧ ದಾಖಲೆಯನ್ನು ಉಳಿಸಬೇಕೋ ಅಳಿಸಬೇಕೋ? ಖಾಲಿ ತೂಕ ಬೇರೆ ವೇಬ್ರಿಡ್ಜ್‌ನಲ್ಲಿ ಆಗಬಹುದೇ?

ಗುಮಾಸ್ತರಿಗೆ: "ರಾತ್ರಿ ಪಾಳಿಯಲ್ಲಿ ಆಗೋ ಯಾವ ರಗಳೆ ಇದರಲ್ಲಿ ಬಂದಿಲ್ಲ?" ಇಲ್ಲಿ ಸಿಗುವುದು ಬಂಗಾರ. ಒಂದೇ ಗಾಡಿಯಲ್ಲಿ ಅಣ್ಣತಮ್ಮಂದಿರ ಇಬ್ಬರ ಕಬ್ಬು ಬರುತ್ತದೆ, ಕಟಿಂಗ್ ಆರ್ಡರ್ ಮಾತ್ರ ಒಬ್ಬರ ಹೆಸರಲ್ಲಿ. ಸೋಗೆ ಜಾಸ್ತಿ ಇದ್ದರೆ ಏನು ಮಾಡುವುದು ಎಂಬ ಜಗಳ. ಲೋಡ್ ತೂಕ ರಾತ್ರಿ 11:50ಕ್ಕೆ, ಖಾಲಿ ತೂಕ 12:40ಕ್ಕೆ, ಹಾಗಾದರೆ ಕಬ್ಬು ಬಂದ ದಿನಾಂಕ ಯಾವುದು? ಕಬ್ಬು ನಿಯಂತ್ರಣ ಆದೇಶ 1966ರ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಆ ಹದಿನಾಲ್ಕು ದಿನ ಎಲ್ಲಿಂದ ಶುರು ಎನ್ನುವುದು ನಿಮ್ಮ ಸ್ಟೋರಿಯಲ್ಲಿ ಒಂದು ಸಾಲಾಗಿ ಇರಲೇಬೇಕು. ಅಂಥ ಸಾಲು ಮೈಸೂರಿನ ಎಸಿ ರೂಮಿನಲ್ಲಿ ಕೂತವರಿಗೆ ಹೊಳೆಯುವುದು ಕಷ್ಟ.

ಮೂವರೂ ಹೇಳಿದ್ದನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಕೌಶಲದ ಬಗ್ಗೆ ಒಂದು ಮಾತು ತಾನಾಗಿ ಹೊರಬೀಳುತ್ತದೆ: ಗಡಿಯಲ್ಲಿ ಬರುವ ಸಂದರ್ಭಗಳನ್ನು, ಅಂದರೆ ಮಧ್ಯರಾತ್ರಿ, ಅರ್ಧಕ್ಕೆ ನಿಂತ ಕೆಲಸ, ಒಂದಕ್ಕೆ ಎರಡು ಮಾಲೀಕರು ಇಂಥವನ್ನು, ನೀವು ಕೇಳುತ್ತಿಲ್ಲ. ಇದು "ಇನ್ನೂ ಡಿಟೇಲ್ ಆಗಿ ಬರೆಯಿರಿ" ಎನ್ನುವುದಕ್ಕಿಂತ ಸಾವಿರ ಪಾಲು ಉಪಯೋಗಕ್ಕೆ ಬರುವ ಮಾತು.

ಸ್ಟೋರಿ ಅಳೆಯಲು ಇನ್ವೆಸ್ಟ್ ಎಂಬ ಆರು ಗುಣಗಳ ಪಟ್ಟಿ ಬಹಳ ಕಡೆ ಬಳಕೆಯಲ್ಲಿದೆ. ನಿಮ್ಮ ಸ್ವಂತ ಪರಿಶೀಲನೆಗೆ ಅದು ಚೆನ್ನ. ಇನ್ನೊಬ್ಬರ ಕೈಗೆ ಕೊಟ್ಟು ಆರಕ್ಕೂ ಅಂಕ ಹಾಕಿ ಎಂದರೆ ಐದಕ್ಕೆ ನಾಲ್ಕು, ಐದಕ್ಕೆ ನಾಲ್ಕು ಎಂದು ತುಂಬಿ ಕೊಡುತ್ತಾರೆ. ಅಂಕ ಬೇಡ, ಉದಾಹರಣೆ ಕೇಳಿ.

ಕೇಳುವ ಸಮಯ, ಕೇಳುವ ಮಾತು

ಬಹುತೇಕ ಕಂಪನಿಗಳ ಅಪ್ರೈಸಲ್ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷದ ಲೆಕ್ಕದಲ್ಲಿ ನಡೆಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಫೀಡ್‌ಬ್ಯಾಕ್ ಕೇಳಿದರೆ "ಇವರಿಗೆ ರೇಟಿಂಗ್ ಬೇಕಾಗಿದೆ" ಎಂದೇ ಎದುರಿನವರು ತಿಳಿಯುವುದು. ಸಹೋದ್ಯೋಗಿಗಳು ಒಳ್ಳೆಯದನ್ನೇ ಹೇಳುತ್ತಾರೆ, ಮ್ಯಾನೇಜರ್ ಎಚ್ಚರಿಕೆಯಿಂದ ಮಾತಾಡುತ್ತಾರೆ. ಜುಲೈ, ಆಗಸ್ಟ್ ಅಥವಾ ದಸರಾ ಕಳೆದ ಮೇಲಿನ ವಾರಗಳು ವಾಸಿ. ದಸರಾ ವಾರದಲ್ಲಂತೂ ಯಾರನ್ನೂ ಹಿಡಿಯಲು ಆಗುವುದಿಲ್ಲ, ಅರ್ಧ ಜನ ರಜೆ, ಇನ್ನರ್ಧ ಜನರ ಮನೆಯಲ್ಲಿ ನೆಂಟರು. ರಿಲೀಸ್ ದಿನ ಬೇಡ. ಅಕೌಂಟ್ಸ್‌ನವರನ್ನು ತಿಂಗಳ ಕೊನೆಗೆ, ಸಕ್ಕರೆ ಕಾರ್ಖಾನೆಯವರನ್ನು ಹಂಗಾಮು ಶುರುವಾದ ಮೊದಲ ವಾರಗಳಲ್ಲಿ ಕೇಳಬೇಡಿ.

ಒಂದು ಕೆಲಸ ಮುಗಿದ ಎರಡು ಮೂರು ದಿನದಲ್ಲಿ ಕೇಳಿದರೆ ನೆನಪು ಹಸಿಯಾಗಿರುತ್ತದೆ. ಎರಡು ತಿಂಗಳಾದ ಮೇಲೆ ಉಳಿಯುವುದು ನಿಮ್ಮ ಬಗೆಗಿನ ಒಟ್ಟಾರೆ ಅನಿಸಿಕೆ ಮಾತ್ರ, ವಿವರವಲ್ಲ.

ಎದುರಾಬದುರು ಏಕಾಏಕಿ ಕೇಳಬೇಡಿ, ಒಂದು ದಿನ ಮೊದಲು ಮೆಸೇಜ್ ಹಾಕಿ. ಅದು ಹೀಗಿರಬಹುದು:

"ಮೇಡಂ, ನಮಸ್ಕಾರ. ಕಳೆದ ಸ್ಪ್ರಿಂಟಿನಲ್ಲಿ ನಾನು ಬರೆದ ಪೇಮೆಂಟ್ ಸ್ಟೋರಿಗಳಲ್ಲಿ ಮೂರು ವಾಪಸ್ ಬಂದವು. ಅಪವಾದದ ಸಂದರ್ಭಗಳನ್ನು ಬಿಡುತ್ತಿದ್ದೇನೆ ಅನಿಸುತ್ತಿದೆ. ಒಂದು ಸ್ಟೋರಿ ಜೊತೆಗೆ ಕಳಿಸಿದ್ದೇನೆ, ಒಂದೂವರೆ ಪುಟ ಇದೆ. ಟೆಸ್ಟ್ ಕೇಸ್ ಬರೆಯುವಾಗ ನಿಮಗೆ ಎಲ್ಲಿ ತಡೆಯಿತು ಅನ್ನುವುದಷ್ಟೇ ಬೇಕು. ಗುರುವಾರ ಮಧ್ಯಾಹ್ನ 20 ನಿಮಿಷ ಸಿಗಬಹುದೇ? ಇದು ಅಪ್ರೈಸಲ್‌ಗಲ್ಲ, ಮುಂದಿನ ಸ್ಪ್ರಿಂಟಿಗೆ."

ಇದರಲ್ಲಿ ನಾಲ್ಕು ವಿಷಯ ಇವೆ: ಯಾವ ಕೆಲಸ, ನಿಮ್ಮ ಸ್ವಂತ ಅನುಮಾನ, ಅವರಿಂದ ಬೇಕಾದ ಒಂದೇ ಸಂಗತಿ, ಎಷ್ಟು ಹೊತ್ತು. ನಿಮ್ಮ ಅನುಮಾನವನ್ನು ನೀವೇ ಮೊದಲು ಹೇಳುವುದು ಬಹಳ ಮುಖ್ಯ. ನಮ್ಮ ಕಡೆ ಮುಖದ ಮೇಲೆ ತಪ್ಪು ಹೇಳಿ ಬೇಜಾರು ಮಾಡಲು ಜನ ಹಿಂಜರಿಯುತ್ತಾರೆ. ತಪ್ಪಿನ ಹೆಸರನ್ನು ನೀವೇ ಎತ್ತಿದರೆ ಅವರ ಮೇಲಿನ ಭಾರ ಇಳಿಯುತ್ತದೆ. "ಹೌದು ರೀ, ಅದೇ ನಾನೂ ಹೇಳೋಣ ಅಂತಿದ್ದೆ" ಎನ್ನುವಲ್ಲಿಂದ ನಿಜವಾದ ಮಾತು ಶುರುವಾಗುತ್ತದೆ.

ಭಾಷೆಯ ವಿಷಯಕ್ಕೂ ಸ್ವಲ್ಪ ಗಮನ ಕೊಡಿ. ತಂಡದ ಕಾಲ್ ಇಂಗ್ಲಿಷಿನಲ್ಲಿ ನಡೆಯಲಿ. ಒಬ್ಬೊಬ್ಬರ ಜೊತೆಗಿನ ಈ 20 ನಿಮಿಷ, ಇಬ್ಬರಿಗೂ ಕನ್ನಡ ಬರುವುದಾದರೆ, ಕನ್ನಡದಲ್ಲೇ ಆಗಲಿ. ಇಂಗ್ಲಿಷಿನಲ್ಲಿ "ಗುಡ್ ಜಾಬ್" ಎಂದು ಮುಗಿಸುವವರೇ ಕನ್ನಡದಲ್ಲಿ "ಆ ಮೀಟಿಂಗಲ್ಲಿ ನೀವು ಅವರಿಗೆ ಮಾತಾಡೋಕೇ ಬಿಡಲಿಲ್ಲ" ಎನ್ನುತ್ತಾರೆ.

ಆ 20 ನಿಮಿಷ

ಸಮರ್ಥಿಸಿಕೊಳ್ಳಬೇಡಿ. "ಅದು ಹಾಗಲ್ಲ, ಕ್ಲೈಂಟ್ ಆ ದಿನ ಹೇಳಿರಲಿಲ್ಲ" ಎಂದು ನೀವು ಒಮ್ಮೆ ಅಂದರೆ ಎದುರಿನವರು ಮುಂದಿನ ಎರಡು ಮಾತನ್ನು ನುಂಗಿಕೊಳ್ಳುತ್ತಾರೆ. ಕಾರಣ ನಿಜವೇ ಇದ್ದರೂ ಅವತ್ತು ಬೇಡ. ಅವರ ಮಾತನ್ನು ಅವರ ಪದಗಳಲ್ಲೇ ಬರೆದುಕೊಳ್ಳಿ, ನಿಮ್ಮ ವಾಕ್ಯ ಮಾಡಿಕೊಳ್ಳಬೇಡಿ. ಲ್ಯಾಪ್‌ಟಾಪ್‌ಗಿಂತ ನೋಟ್‌ಬುಕ್ ವಾಸಿ, ಪರದೆ ಅಡ್ಡವಿದ್ದರೆ ಜನ ಬಿಗಿಯಾಗುತ್ತಾರೆ.

"ನೀವು ಸ್ವಲ್ಪ ಅವಸರ ಮಾಡ್ತೀರಿ" ಎಂಬಂಥ ಮಾತು ಬಂದರೆ ಮೂರು ಸಂಗತಿ ಹೊರತೆಗೆಯಿರಿ: ಯಾವ ಸಂದರ್ಭದಲ್ಲಿ, ನಾನು ನಿಖರವಾಗಿ ಏನು ಮಾಡಿದೆ, ಅದರಿಂದ ಏನಾಯಿತು. "ಯಾವ ಮೀಟಿಂಗಲ್ಲಿ ಹಾಗನಿಸಿತು?" ಎಂಬ ಒಂದು ಪ್ರಶ್ನೆಯಿಂದ ಮೂರೂ ಬರುತ್ತವೆ. ಸ್ವಭಾವದ ಬಗೆಗಿನ ಮಾತನ್ನು ನಡವಳಿಕೆಯ ಮಾತಾಗಿ ಇಳಿಸದಿದ್ದರೆ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ.

"ಎಲ್ಲಾ ಚೆನ್ನಾಗಿದೆ" ಎಂದೇ ಹಟ ಹಿಡಿದರೆ? "ಇದರಲ್ಲಿ ಒಂದು ಸಾಲು ಕಿತ್ತುಹಾಕಲೇಬೇಕು ಅಂದರೆ ಯಾವುದು?" ಅಥವಾ "ನಾಳೆಯಿಂದ ಈ ಕೆಲಸ ನಿಮ್ಮ ಕೈಗೆ ಬಂದರೆ ಮೊದಲು ಏನು ಬದಲಿಸುತ್ತೀರಿ?" ಎಂದು ಕೇಳಿ, ಸುಮ್ಮನಿರಿ. ಮೌನವನ್ನು ನೀವೇ ತುಂಬಿಸಲು ಹೋಗಬೇಡಿ. ಬಿಎಗಳಿಗೆ ಇದು ಬಹಳ ಕಷ್ಟದ ಕೆಲಸ.

ನಿಮಗಿಂತ ಕಿರಿಯರಾದ ಟೆಸ್ಟರ್ ಅಥವಾ ಡೆವಲಪರ್ ಎದುರು ಕೂತಿದ್ದರೆ ಹಿಂಜರಿಕೆ ಇನ್ನೂ ಹೆಚ್ಚು. ಅನಾಮಿಕ ಗೂಗಲ್ ಫಾರ್ಮ್ ಹಾಕುವವರಿದ್ದಾರೆ, ಆದರೆ ಐದು ಜನರ ತಂಡದಲ್ಲಿ ಯಾರು ಬರೆದದ್ದು ಎಂದು ಎರಡನೇ ವಾಕ್ಯಕ್ಕೇ ತಿಳಿಯುತ್ತದೆ. ಅದರ ಬದಲು ಹಾಳೆಯ ಮೇಲೇ ಗುರುತು ಹಾಕಿ ಕೊಡಲು ಹೇಳಿ: ಅರ್ಥವಾಗದ ಕಡೆ ಪ್ರಶ್ನಾರ್ಥಕ ಚಿಹ್ನೆ, ಊಹಿಸಿದ ಕಡೆ ಗೆರೆ. ಮಾತಾಡಲು ಮುಜುಗರಪಡುವವರು ಗೆರೆ ಎಳೆಯಲು ಹಿಂಜರಿಯುವುದಿಲ್ಲ.

ಸಭೆ ನಡೆಸುವ ಕೌಶಲಕ್ಕೆ ಹಾಳೆ ಸಾಲದು, ಕಣ್ಣು ಬೇಕು. ಗ್ರಾಹಕರ ಜೊತೆಗಿನ ಒಂದು ಸಭೆಗೆ ಸಹೋದ್ಯೋಗಿಯೊಬ್ಬರನ್ನು ಕೂರಿಸಿಕೊಂಡು, ನೋಡಬೇಕಾದ್ದನ್ನು ಮೊದಲೇ ಹೇಳಿಡಿ. ನೀವು ಎಷ್ಟು ಹೊತ್ತು ಮಾತಾಡಿದಿರಿ, ಅವರು ಎಷ್ಟು ಹೊತ್ತು? "ಇದು ಹೀಗೇ ಅಲ್ವಾ ಸರ್?" ಎಂದು ಹೌದು ಹೇಳಿಸಿಕೊಳ್ಳುವ ಪ್ರಶ್ನೆಗಳು ಎಷ್ಟು? ಸಭೆಯಲ್ಲಿ ಒಮ್ಮೆಯೂ ಬಾಯಿ ಬಿಡದವರು ಯಾರು? ತೀರ್ಮಾನಗಳಲ್ಲಿ ಹೆಸರು ಮತ್ತು ದಿನಾಂಕ ಇಲ್ಲದ್ದು ಎಷ್ಟು? ಟೀಮ್ಸ್‌ನಲ್ಲಿ ರೆಕಾರ್ಡ್ ಮಾಡುವುದಾದರೆ ಎಲ್ಲರ ಒಪ್ಪಿಗೆ ಪಡೆದು ಮಾಡಿ. ನಿಮ್ಮದೇ ಅರ್ಧ ಗಂಟೆಯ ರೆಕಾರ್ಡಿಂಗ್ ಕೇಳುವುದು ಮುಜುಗರದ ಕೆಲಸ, ಆದರೆ ಅಷ್ಟು ನಿಷ್ಠುರವಾಗಿ ಬೇರೆ ಯಾರೂ ಹೇಳಲಾರರು.

ಕಂಪನಿಗೆ ನೀವೊಬ್ಬರೇ ಬಿಎ ಆಗಿದ್ದರೆ

ನಂಜನಗೂಡು, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳ ಮಧ್ಯಮ ಗಾತ್ರದ ಕಾರ್ಖಾನೆಗಳಲ್ಲಿ ಇದು ಸಾಮಾನ್ಯ. ಬ್ಯಾಂಕಿನಿಂದಲೋ ಉತ್ಪಾದನಾ ವಿಭಾಗದಿಂದಲೋ ಬಿಎ ಕೆಲಸಕ್ಕೆ ಹೊರಳಲು ನೋಡುವವರ ಸ್ಥಿತಿಯೂ ಇದೇ. ಹೊರಗಿನ ಅನುಭವಿಗಳನ್ನು ಕೇಳಬೇಕು. ಆಗ ಮೊದಲ ಪ್ರಶ್ನೆ ಗೋಪ್ಯತೆಯದ್ದು. ಎನ್‌ಡಿಎಗೆ (ಗೋಪ್ಯತೆಯ ಒಪ್ಪಂದ) ಸಹಿ ಹಾಕಿದ ಕೆಲಸದ ದಾಖಲೆಯನ್ನು ಹೆಸರು ಅಳಿಸಿ ಕಳಿಸಿದರೂ ಅಪಾಯವೇ. ದರ, ಜಿಎಸ್‌ಟಿ ಸಂಖ್ಯೆ, ಪರದೆಯ ಚಿತ್ರದ ಮೂಲೆಯ ಲೋಗೋ, ಫೈಲಿನ ಪ್ರಾಪರ್ಟೀಸ್‌ನಲ್ಲಿ ಉಳಿದ ಲೇಖಕರ ಹೆಸರು ಗುಟ್ಟು ಬಿಟ್ಟುಕೊಡುತ್ತವೆ. ಜನರ ವೈಯಕ್ತಿಕ ಮಾಹಿತಿ ಇದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಗ್ರಾಹಕರ ದಾಖಲೆಯನ್ನು ಎಐ ಚಾಟ್‌ನಲ್ಲಿ ಪೇಸ್ಟ್ ಮಾಡಿ ವಿಮರ್ಶೆ ಕೇಳುವುದೂ ಹೊರಗೆ ಕಳಿಸಿದಂತೆಯೇ.

ಸುರಕ್ಷಿತ ದಾರಿ ಎಂದರೆ ಎಲ್ಲರಿಗೂ ಗೊತ್ತಿರುವ ವ್ಯವಸ್ಥೆಯೊಂದರ ಮೇಲೆ ಹೊಸದಾಗಿ ಮಾದರಿ ಬರೆಯುವುದು. ಬಂಡೀಪಾಳ್ಯ ಎಪಿಎಂಸಿ ಗೇಟಿನಲ್ಲಿ ಲಾರಿ ಒಳಬರುವುದು, ವಿದ್ಯಾರ್ಥಿ ಬಸ್ ಪಾಸ್ ನವೀಕರಣ, ಹಾಲಿನ ಡೇರಿಯಲ್ಲಿ ಕೊಬ್ಬು ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅಳೆದು ದರ ಕಟ್ಟುವುದು, ಯಾವುದಾದರೂ ಸರಿ. ಒಂದು ಪುಟ ಸಮಸ್ಯೆಯ ವಿವರ, ಒಂದು ಪ್ರೋಸೆಸ್ ಮ್ಯಾಪ್, ಐದಾರು ಸ್ಟೋರಿ, ಒಂದು ಡೇಟಾ ಡಿಕ್ಷನರಿ (ಮಾಹಿತಿಯ ಒಂದೊಂದು ಅಂಶದ ಅರ್ಥ ಹೇಳುವ ಪಟ್ಟಿ). ಇಷ್ಟಿದ್ದರೆ ಅನುಭವಿಗಳು ಅರ್ಧ ಗಂಟೆಯಲ್ಲಿ ನಿಮ್ಮ ಮಟ್ಟ ಹೇಳಬಲ್ಲರು. ರೆಸ್ಯೂಮೆ ಕಳಿಸಿ "ನಾನು ಬಿಎ ಆಗಬಹುದಾ?" ಎಂದು ಕೇಳುವುದಕ್ಕಿಂತ ಇದಕ್ಕೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು.

ಬಂದದ್ದನ್ನು ವಿಂಗಡಿಸುವುದು

ನಾಲ್ಕೈದು ಜನರನ್ನು ಕೇಳಿದ ಮೇಲೆ ಮಾತುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಡೆವಲಪರ್ "ಇನ್ನೂ ವಿವರ ಬೇಕು" ಎನ್ನುತ್ತಾರೆ, ಗ್ರಾಹಕರು "ಇಷ್ಟುದ್ದ ಯಾರು ಓದ್ತಾರೆ?" ಎನ್ನುತ್ತಾರೆ. ಇಬ್ಬರೂ ಸರಿ. ಗ್ರಾಹಕರಿಗೆ ಒಂದು ಪುಟದ ಸಾರ, ಡೆವಲಪರ್‌ಗೆ ನಿಯಮಗಳ ಟೇಬಲ್ ಎಂದು ಒಂದೇ ದಾಖಲೆಯನ್ನು ಒಡೆಯಬೇಕು ಎಂಬುದೇ ಅಲ್ಲಿನ ಫೀಡ್‌ಬ್ಯಾಕ್.

ಮೊದಲು ರುಚಿಯ ಮಾತನ್ನು ದೋಷದ ಮಾತಿನಿಂದ ಬೇರ್ಪಡಿಸಿ. "ನಾನಾದರೆ ಬುಲೆಟ್ ಹಾಕ್ತಿದ್ದೆ" ಎನ್ನುವುದು ರುಚಿ. "ಮೂರನೇ ಸಾಲಿಗೂ ಏಳನೇ ಸಾಲಿಗೂ ವಿರೋಧ ಇದೆ" ಎನ್ನುವುದು ದೋಷ. ಒಬ್ಬರೇ ಹೇಳಿದ್ದು, ಉದಾಹರಣೆಯೂ ಇಲ್ಲ ಅಂದರೆ ಬರೆದಿಟ್ಟುಕೊಂಡು ಮುಂದೆ ಹೋಗಿ. ಸಂಬಂಧವಿಲ್ಲದ ಇಬ್ಬರು ಒಂದೇ ಜಾಗ ತೋರಿಸಿದರೆ ಅದು ನಿಜ. ಹುದ್ದೆ ನೋಡಿ ತೂಕ ಕೊಡಬೇಡಿ, ನಿಮ್ಮ ಹಾಳೆಯಿಂದ ನೇರವಾಗಿ ಕೆಲಸ ಮಾಡಿದವರು ಯಾರು ಎಂದು ನೋಡಿ ಕೊಡಿ.

ಆಮೇಲೆ ಒಂದೇ ಬದಲಾವಣೆ, ಎರಡು ಸ್ಪ್ರಿಂಟ್. ಅಪವಾದಗಳು ಬಿಟ್ಟುಹೋಗುತ್ತಿವೆ ಎಂದಾದರೆ ಸ್ಟೋರಿ ಸಿದ್ಧ ಎಂದು ಹೇಳುವ ಮುಂಚೆ ಆರು ಪ್ರಶ್ನೆಗಳ ಚೀಟಿ ಮಾಡಿಕೊಳ್ಳಿ: ಮಧ್ಯದಲ್ಲಿ ನಿಂತರೆ ಏನು? ಎರಡು ಸಲ ಒತ್ತಿದರೆ? ದಿನಾಂಕ ಬದಲಾದರೆ? ಅನುಮತಿ ಇಲ್ಲದವರು ಮಾಡಿದರೆ? ಮೌಲ್ಯ ಸೊನ್ನೆಯೋ ಖಾಲಿಯೋ ಇದ್ದರೆ? ಆದದ್ದನ್ನು ರದ್ದು ಮಾಡಬೇಕಾದರೆ? ಜೊತೆಗೆ "ತಕ್ಷಣ", "ಸಾಮಾನ್ಯವಾಗಿ", "ಅಗತ್ಯವಿದ್ದರೆ", "ಇತ್ಯಾದಿ", "ಯೂಸರ್ ಫ್ರೆಂಡ್ಲಿ" ಪದಗಳನ್ನು ಫೈಲಿನಲ್ಲಿ ಸರ್ಚ್ ಮಾಡಿ ತೆಗೆಯಿರಿ. ಎರಡು ಸ್ಪ್ರಿಂಟ್ ಆದ ಮೇಲೆ ಮೊದಲಿನ ಎಣಿಕೆಯ ಹಾಳೆಯನ್ನೇ ಮತ್ತೆ ತುಂಬಿ. ಹಿಂದಿರುಗುವ ಸ್ಟೋರಿಗಳ ಒಟ್ಟು ಸಂಖ್ಯೆ ಅಷ್ಟೇ ಇದ್ದು, ಕಾರಣ ಮಾತ್ರ "ಬಿಟ್ಟದ್ದು" ಎಂಬುದರಿಂದ "ಗ್ರಾಹಕರು ಬದಲಿಸಿದ್ದು" ಎಂಬುದಕ್ಕೆ ಸರಿದಿದ್ದರೂ ಅದು ಸುಧಾರಣೆಯೇ. ಏಕಕಾಲಕ್ಕೆ ನಾಲ್ಕು ಅಭ್ಯಾಸ ಬದಲಿಸಲು ಹೋದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ, ಮೂರನೇ ವಾರಕ್ಕೆ ನಾಲ್ಕೂ ಬಿಟ್ಟುಹೋಗಿರುತ್ತವೆ.

ಫೀಡ್‌ಬ್ಯಾಕ್ ಕೊಟ್ಟವರ ಹತ್ತಿರ ಮತ್ತೆ ಹೋಗಿ. ಧನ್ಯವಾದದ ಮೆಸೇಜ್ ಸಾಲದು, ಬದಲಾದ ಸ್ಟೋರಿಯನ್ನೇ ತೋರಿಸಿ: "ನೀವು ಹೇಳಿದ ಮಧ್ಯರಾತ್ರಿಯ ವಿಷಯ ಈಗ ಎರಡನೇ ಸಾಲಿನಲ್ಲಿದೆ, ಸರಿಯಾಯ್ತಾ?" ಅವರ ಸಲಹೆ ತೆಗೆದುಕೊಳ್ಳದಿದ್ದರೆ ಅದನ್ನೂ ಕಾರಣ ಸಮೇತ ಹೇಳಿ. ಮಾತು ಎಲ್ಲಿಗೆ ಹೋಯಿತು ಎಂದು ತಿಳಿಯದವರು ಮುಂದಿನ ಸಲ ಸಮಯ ಕೊಡುವುದಿಲ್ಲ. ಎಣಿಕೆಯ ಎರಡು ಹಾಳೆಗಳನ್ನು ದಿನಾಂಕ ಹಾಕಿ ಒಂದು ಫೋಲ್ಡರಿನಲ್ಲಿಡಿ. ಅಪ್ರೈಸಲ್ ಫಾರ್ಮಿನಲ್ಲಿ "ವಿಶ್ಲೇಷಣಾ ಕೌಶಲ ಸುಧಾರಿಸಿದೆ" ಎಂಬ ಸಾಲಿನ ಜಾಗದಲ್ಲಿ ಅವೇ ಅಂಕಿ ಬರೆಯಬಹುದು.

ಇನ್ನು ಮೆಸೇಜಿಗೆ ಉತ್ತರವೇ ಬಾರದಿದ್ದರೆ ನಾಲ್ಕು ದಿನ ಬಿಟ್ಟು ಒಮ್ಮೆ ನೆನಪಿಸಿ, ಈ ಸಲ ಪ್ರಶ್ನೆಯನ್ನು ಇನ್ನೂ ಚಿಕ್ಕದು ಮಾಡಿ: "ಮೀಟಿಂಗ್ ಬೇಡ ಸರ್, ಮೂರನೇ ಸಾಲು ಅರ್ಥವಾಯ್ತಾ ಇಲ್ವಾ ಅಷ್ಟೇ ಹೇಳಿ." ಅದಕ್ಕೂ ಉತ್ತರವಿಲ್ಲದಿದ್ದರೆ ಬಿಟ್ಟುಬಿಡಿ, ಅದೇ ಸ್ಟೋರಿಯನ್ನು ಬಳಸಿದ ಇನ್ನೊಬ್ಬರನ್ನು ಕೇಳಿ.